ಥೆರಪಿಸ್ಟ್ ಮೇಲೇ ಮುನಿಸು ಬಂದಾಗ: ಆಘಾತದ ಚಿಕಿತ್ಸೆ ಒಳಗಿನಿಂದ ಹೇಗಿರುತ್ತದೆ

ಥೆರಪಿಗೆ ಹೋಗಲು ಹಿಂಜರಿಯುವ ಅನೇಕರ ಭಯ ಒಂದೇ: ಹೋದ ಮೊದಲ ದಿನವೇ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಲ್ಲ! ವರ್ಷಗಟ್ಟಲೆ ಒಳಗೇ ಇಟ್ಟುಕೊಂಡದ್ದನ್ನು ಅಪರಿಚಿತರೊಬ್ಬರ ಮುಂದೆ ಹರವಿ, ಅತ್ತು ಹಗುರಾಗಿ, ಅವರು ಹೇಳಿದ ಬುದ್ಧಿಮಾತು ಕೇಳಿಕೊಂಡು ಮನೆಗೆ ಬರುವುದು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಆಘಾತದ ಚಿಕಿತ್ಸೆ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಈ ಕೆಲಸದಲ್ಲಿ ಪಳಗಿದ ಥೆರಪಿಸ್ಟ್, ಮೊದಲ ಭೇಟಿಯಲ್ಲೇ ಎಲ್ಲವನ್ನೂ ಸುರಿಯಲು ಹೊರಟವರನ್ನು ಮೆಲ್ಲಗೆ ತಡೆಯುತ್ತಾರೆ. "ವಿವರ ಸದ್ಯಕ್ಕೆ ಬೇಡ, ಏನಾಯಿತೆಂದು ಒಂದು ಸಾಲಿನಲ್ಲಿ ಹೇಳಿದರೆ ಸಾಕು" ಎನ್ನುತ್ತಾರೆ. ಆಮೇಲೆ ಕೇಳುವುದು ನಿದ್ದೆಯ ಬಗ್ಗೆ, ಕುಡಿತದ ಬಗ್ಗೆ, ಮನೆಯಲ್ಲಿ ಯಾರ ಜೊತೆ ಇದ್ದಾಗ ಮೈ ಸಡಿಲವಾಗುತ್ತದೆ ಎಂಬುದರ ಬಗ್ಗೆ.

ಇನ್ನೊಂದು ಅಚ್ಚರಿ ಕೆಲವು ತಿಂಗಳ ನಂತರ ಕಾದಿರುತ್ತದೆ. ಸಹಾಯ ಮಾಡಲು ಕುಳಿತಿರುವ ಆ ಮನುಷ್ಯನ ಮೇಲೇ ಸಿಟ್ಟು, ಅನುಮಾನ, ಮುನಿಸು ಬರತೊಡಗುತ್ತದೆ. ಬಹಳ ಮಂದಿ ಆ ಹಂತದಲ್ಲಿ, "ಇದು ನನಗೆ ಹಿಡಿಸಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಸಂಬಂಧಗಳಲ್ಲಿ ಪೆಟ್ಟು ತಿಂದವರ ಮಟ್ಟಿಗೆ ಚಿಕಿತ್ಸೆಯ ಅತಿ ಮುಖ್ಯ ಭಾಗ ಶುರುವಾಗುವುದು ಅನೇಕ ಸಲ ಅಲ್ಲಿಂದಲೇ. ಅದು ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ನಡೆದದ್ದು ಮುಗಿದರೂ ಉಳಿಯುವುದು

ಆಘಾತ ಎಂದಾಗ ನಮ್ಮ ಗಮನ ಘಟನೆಯ ಕಡೆಗಿರುತ್ತದೆ: ಅಪಘಾತ, ಅತ್ಯಾಚಾರ, ಯುದ್ಧ, ಹೊಡೆತ ತಿಂದು ಬೆಳೆದ ಬಾಲ್ಯ. ಚಿಕಿತ್ಸೆ ನೋಡುವುದು ಘಟನೆ ಮುಗಿದ ಮೇಲೆ ಉಳಿದದ್ದನ್ನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಸುಮಾರು ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಆಘಾತಕಾರಿ ಎನ್ನಬಹುದಾದ ಘಟನೆಗೆ ಸಿಲುಕುತ್ತಾರೆ. ಅವರಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬೆನ್ನುಹತ್ತುವ ಒತ್ತಡದ ಕಾಯಿಲೆ, ಬರುವುದು ಶೇ 5.6ರಷ್ಟು ಮಂದಿಗೆ. ಉಳಿದವರಲ್ಲಿ ಹೆಚ್ಚಿನವರು ನಿದ್ದೆ, ದಿನಚರಿ, ಆಪ್ತರ ಒತ್ತಾಸೆಯಿಂದ ತಾವೇ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ದುರಂತ ಕಂಡ ಪ್ರತಿಯೊಬ್ಬರನ್ನೂ ಥೆರಪಿಗೆ ಅಟ್ಟಬೇಕಾಗಿಲ್ಲ. ದುರಂತ ನಡೆದ ಕೆಲವೇ ದಿನಗಳಲ್ಲಿ ಸಂತ್ರಸ್ತರನ್ನು ಕೂರಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಕೇಡೇ ಆಗಬಹುದು ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಹೇಳಿಕೊಂಡು ಹಗುರಾಗುವುದಕ್ಕೂ ಹೊತ್ತುಗೊತ್ತು ಇದೆ.

ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ. ಘಟನೆ ಮತ್ತೆ ಕಣ್ಣಮುಂದೆ ನಡೆದಂತಾಗುವುದು, ಅದನ್ನು ನೆನಪಿಸುವ ಎಲ್ಲದರಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯದ ನಿರೀಕ್ಷೆಯಲ್ಲಿ ಮೈಯೆಲ್ಲ ಕಣ್ಣಾಗಿರುವುದು ಅದರ ಮುಖ್ಯ ಲಕ್ಷಣಗಳು. ಆದರೆ ಒಂದು ದಿನದ ಅಪಘಾತಕ್ಕೂ, ಹತ್ತು ವರ್ಷ ದಿನಾ ಹೆದರಿಸಿದ ತಂದೆಗೂ ವ್ಯತ್ಯಾಸವಿದೆ ಎಂದು ಚಿಕಿತ್ಸಕರು ಬಹಳ ಹಿಂದಿನಿಂದ ಹೇಳುತ್ತಿದ್ದರು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ಈ ಮಾತನ್ನು ಒಪ್ಪಿ, ಸಂಕೀರ್ಣ ಪಿಟಿಎಸ್‌ಡಿ ಎಂಬ ಪ್ರತ್ಯೇಕ ಕಾಯಿಲೆಯನ್ನು ಸೇರಿಸಿತು. ಹಿಂದಿನ ಮೂರು ಲಕ್ಷಣಗಳ ಜೊತೆಗೆ ಇದರಲ್ಲಿ ಇನ್ನೂ ಮೂರಿವೆ: ಭಾವನೆಗಳು ಹತೋಟಿಗೆ ಸಿಗದಿರುವುದು, ತಾನು ಕೆಲಸಕ್ಕೆ ಬಾರದವಳು ಅಥವಾ ಸೋತವನು ಎಂಬ ಬೇರೂರಿದ ನಂಬಿಕೆ, ಮತ್ತು ಸಂಬಂಧಗಳನ್ನು ಉಳಿಸಿಕೊಳ್ಳಲು, ಇನ್ನೊಬ್ಬರಿಗೆ ಹತ್ತಿರವಾಗಲು ಆಗದಿರುವುದು. ಈ ಕೊನೆಯದು ಗಮನಿಸಬೇಕಾದ್ದು. ಸಂಬಂಧದ ತೊಡಕು ಆಘಾತದ ಪಕ್ಕದಲ್ಲಿರುವ ಬೇರೊಂದು ಸಮಸ್ಯೆಯಾಗಿರದೆ, ಕಾಯಿಲೆಯ ವ್ಯಾಖ್ಯಾನದ ಒಳಗೇ ಬಂದು ಕೂತಿತು.

ಹಾವು ಕಚ್ಚಿದವನು ಹಗ್ಗ ಕಂಡರೂ ಬೆಚ್ಚುತ್ತಾನೆ ಎಂಬ ಮಾತಿದೆಯಲ್ಲ, ಇಲ್ಲಿ ಆಗುವುದೂ ಅದೇ. ಕಚ್ಚಿದ್ದು ಮನುಷ್ಯರು ಎಂಬುದಷ್ಟೇ ವ್ಯತ್ಯಾಸ. ಹಗ್ಗದಿಂದ ದೂರವಿದ್ದು ಬದುಕಬಹುದು, ಮನುಷ್ಯರಿಂದ ದೂರವಿದ್ದು ಬದುಕುವುದು ಕಷ್ಟ. ಗಂಡ ಬಾಗಿಲನ್ನು ತುಸು ಜೋರಾಗಿ ಹಾಕಿದ ಸದ್ದಿಗೆ ಹೆಂಡತಿಯ ಕೈಕಾಲು ತಣ್ಣಗಾಗುತ್ತದೆ. ಬಾಗಿಲು ಅಷ್ಟು ಜೋರಾಗಿ ಬಡಿದದ್ದು ಗಾಳಿಗೆ ಎಂದು ಅವಳ ತಿಳಿವಳಿಕೆಗೆ ಗೊತ್ತು. ಆದರೆ ಅಪಾಯವನ್ನು ಅಳೆಯುವ ಮೆದುಳಿನ ವ್ಯವಸ್ಥೆ, ಅದರಲ್ಲೂ ಅಮಿಗ್ಡಲಾ ಎಂಬ ಭಾಗ, ತಿಳಿವಳಿಕೆ ಬಾಯಿ ತೆರೆಯುವ ಮೊದಲೇ ಮೈಗೆ ಆಜ್ಞೆ ಕೊಟ್ಟಾಗಿರುತ್ತದೆ: ಓಡು, ತಿರುಗಿಬೀಳು, ಅಥವಾ ಸದ್ದಿಲ್ಲದೆ ಮರಗಟ್ಟಿ ನಿಲ್ಲು. ಕೆಲವರು ನಾಲ್ಕನೆಯ ದಾರಿ ಹಿಡಿಯುತ್ತಾರೆ: ನಗುತ್ತಾ, ಒಪ್ಪುತ್ತಾ, ಎದುರಿನವರನ್ನು ಓಲೈಸುವುದು. ಮೇಲೆ ನೋಡಿದರೆ ಇಂಥವರು ಎಲ್ಲರಿಗೂ ಬೇಕಾದವರು, ತುಂಬಾ ಒಳ್ಳೆಯವರು. ಅವರ ಸಂಕಟ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಬೇರು ಎಳೆತನದಲ್ಲಿರಬಹುದು ಎಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಾದಿಸಿದರು. ಹೆದರಿದ ಮಗು ಯಾರ ಬಳಿ ಓಡಬೇಕು, ಓಡಿದರೆ ಏನು ಸಿಗುತ್ತದೆ ಎಂಬುದನ್ನು ಮೊದಲ ವರ್ಷಗಳಲ್ಲೇ ಕಲಿಯುತ್ತದೆ. ಅವರ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್, ತಾಯಿ ಸ್ವಲ್ಪ ಹೊತ್ತು ಕೋಣೆಯಿಂದ ಹೊರಹೋಗಿ ಮರಳಿದಾಗ ಒಂದು ವರ್ಷದ ಆಸುಪಾಸಿನ ಮಕ್ಕಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕೂತು ಗಮನಿಸಿದರು. ಕೆಲವು ತಾಯಿಯನ್ನು ಅಪ್ಪಿ ಸಮಾಧಾನಗೊಂಡವು, ಕೆಲವು ಅಪ್ಪಿಕೊಂಡೂ ಸಿಟ್ಟು ಬಿಡಲಿಲ್ಲ, ಕೆಲವು ತಾಯಿ ಬಂದದ್ದೇ ಕಾಣದವರಂತೆ ಆಟ ಮುಂದುವರಿಸಿದವು. 1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಇದೇ ಮಾದರಿಗಳನ್ನು ವಯಸ್ಕರ ಪ್ರೇಮಸಂಬಂಧಗಳಲ್ಲಿ ಹುಡುಕಿದರು. ಅಲ್ಲಿಂದ ಈಚೆಗೆ ಇದು ಹಣೆಪಟ್ಟಿ ಹಚ್ಚುವ ಚಟವಾಗಿಬಿಟ್ಟಿದೆ. ಹತ್ತು ಪ್ರಶ್ನೆಗಳಿಗೆ ಉತ್ತರಿಸಿ "ನಾನು ಆತಂಕದ ಬಗೆ, ಅವನು ದೂರ ಸರಿಯುವ ಬಗೆ" ಎಂದು ತೀರ್ಪು ಕೊಟ್ಟುಕೊಳ್ಳುವವರಿಗೆ ಕೊರತೆಯಿಲ್ಲ. ಈ ಮಾದರಿಗಳು ಜನ್ಮಕ್ಕಂಟಿದ ಗುಣಗಳಲ್ಲ. ಒಬ್ಬರ ಜೊತೆ ಒಂದು ಬಗೆ, ಇನ್ನೊಬ್ಬರ ಜೊತೆ ಇನ್ನೊಂದು ಬಗೆ ಇರಬಹುದು, ಕಾಲಕ್ಕೆ ತಕ್ಕಂತೆ ಬದಲಾಗಲೂಬಹುದು. ಬದಲಾಗುವುದಿಲ್ಲ ಎಂದಾಗಿದ್ದರೆ ಥೆರಪಿಗೆ ಅರ್ಥವೇ ಇರುತ್ತಿರಲಿಲ್ಲ.

ಮೊದಲು ಕಾಲೂರಲು ನೆಲ

ಆಘಾತದ ಚಿಕಿತ್ಸೆಯನ್ನು ಹಂತಗಳಲ್ಲಿ ನಡೆಸಬೇಕೆಂಬ ವಿಚಾರ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಪಿಯೆರ್ ಜಾನೆ ಆ ದಾರಿಯಲ್ಲಿ ಯೋಚಿಸಿದ್ದರು. 1992ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ರೂಪ ಕೊಟ್ಟರು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಂದಿಗಿನ ಬದುಕಿಗೆ ಮರಳುವುದು. ಹಂತಗಳು ಸಾಲಾಗಿ ಬಂದು ಸಾಲಾಗಿ ಹೋಗುತ್ತವೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಮುಂದೆ ಹೋದವರು ಮತ್ತೆ ಮೊದಲಿಗೆ ಬರುವುದು ಮಾಮೂಲು.

ಸುರಕ್ಷತೆ ಎಂದರೆ ಮೊದಲಿಗೆ ಅಕ್ಷರಶಃ ಸುರಕ್ಷತೆಯೇ. ಹೊಡೆಯುವವರ ಜೊತೆಗೆ ಇನ್ನೂ ಒಂದೇ ಸೂರಿನಡಿ ಇರುವವರಿಗೆ ಎದೆಬಡಿತ ಇಳಿಸುವ ಉಸಿರಾಟ ಕಲಿಸಿ ಏನು ಪ್ರಯೋಜನ? ಅವರ ಹೆದರಿಕೆಯ ಲೆಕ್ಕ ಸರಿಯಾಗಿಯೇ ಇದೆ. ಅಲ್ಲಿ ಮೊದಲ ಕೆಲಸ, ಎಲ್ಲಿಗೆ ಹೋಗಬಹುದು, ಯಾರಿಗೆ ತಿಳಿಸಬಹುದು, ದಾಖಲೆಪತ್ರಗಳು ಎಲ್ಲಿವೆ ಎಂಬ ಯೋಜನೆ. ಸಾಯಬೇಕೆನ್ನುವ ಯೋಚನೆ ಬರುತ್ತಿದ್ದರೆ ಮುಂದಿನ ವಾರದ ಭೇಟಿಗೆ ಕಾಯದೆ ತುರ್ತು ಸಹಾಯವಾಣಿಗೋ ಆಸ್ಪತ್ರೆಗೋ ಹೋಗಬೇಕೆಂಬುದನ್ನೂ ಥೆರಪಿಸ್ಟ್ ಆರಂಭದಲ್ಲೇ ಮಾತಾಡಿಕೊಳ್ಳುತ್ತಾರೆ. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಭರವಸೆಯ ಜೊತೆಗೆ ಅದರ ಮಿತಿಗಳನ್ನೂ ಅವರೇ ಹೇಳಬೇಕು. ಜೀವಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದಾಗ ಗೋಪ್ಯತೆಯ ನಿಯಮ ಬೇರೆಯಾಗುತ್ತದೆ.

ಆಮೇಲೆ ಮೈಯ ಪಾಠ. ನೆನಪನ್ನು ಮುಟ್ಟಿದಾಗ ಕೆಲವರ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಕ್ಕೇರುತ್ತದೆ. ಇನ್ನು ಕೆಲವರು ತದ್ವಿರುದ್ಧವಾಗಿ ಆರಿಹೋಗುತ್ತಾರೆ. ಮಾತು ನಿಂತು, ಕಣ್ಣು ಎಲ್ಲೋ ನೆಟ್ಟು, ಕೋಣೆಯಲ್ಲಿ ಇದ್ದೂ ಇಲ್ಲದಂತಾಗುತ್ತಾರೆ. ಈ ಎರಡರ ನಡುವೆ, ಭಾವನೆಯೂ ಇದ್ದು ಯೋಚನೆಯೂ ಕೆಲಸ ಮಾಡುವ ಒಂದು ಸಹನೆಯ ವ್ಯಾಪ್ತಿ ಇದೆ. ಕಲಿಕೆ ನಡೆಯುವುದು ಅಲ್ಲಿ ಮಾತ್ರ. ಮಾತಾಡುತ್ತಿರುವವರು ಆ ವ್ಯಾಪ್ತಿಯಿಂದ ಜಾರಿದ್ದನ್ನು ನುರಿತ ಥೆರಪಿಸ್ಟ್ ಅವರ ಭುಜದಿಂದ, ಉಸಿರಿನಿಂದ, ದನಿಯಿಂದ ಕಂಡುಹಿಡಿಯುತ್ತಾರೆ. "ಇಲ್ಲಿಗೆ ನಿಲ್ಲಿಸೋಣ. ನಿಮ್ಮ ಎರಡೂ ಪಾದ ನೆಲಕ್ಕೆ ತಾಗಿವೆಯಾ ನೋಡಿ. ಈ ಕೋಣೆಯಲ್ಲಿ ಕಾಣುವ ನೀಲಿ ಬಣ್ಣದ ವಸ್ತುಗಳನ್ನು ಹೇಳುತ್ತಾ ಹೋಗಿ." ಕೇಳಿದರೆ ಮಕ್ಕಳಾಟದಂತೆ ಕಾಣುತ್ತದೆ. ಇಂದು ಯಾವ ದಿನ, ಇದು ಯಾವ ಜಾಗ ಎಂಬುದನ್ನು ಮೈಗೆ ಮತ್ತೆ ತಿಳಿಸುವ ಕೆಲಸ ಅದು. ಕೋಣೆಯಲ್ಲಿ ಅಭ್ಯಾಸವಾದರೆ ಮುಂದೆ ಬಾಗಿಲು ಬಡಿದ ಸದ್ದಿಗೂ ಒದಗುತ್ತದೆ.

ಈ ಹಂತಕ್ಕೆ ಎಷ್ಟು ಕಾಲ ಕೊಡಬೇಕೆಂಬುದರಲ್ಲಿ ತಜ್ಞರಲ್ಲೇ ಜಗಳವಿದೆ. ಸಿದ್ಧತೆ ಉದ್ದವಾದಷ್ಟೂ ನಿಜವಾದ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಜನರನ್ನು ಇಷ್ಟು ದುರ್ಬಲರೆಂದು ಭಾವಿಸುವುದು ಸರಿಯಲ್ಲ ಎನ್ನುವವರ ವಾದದಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ವರ್ಷಗಟ್ಟಲೆ ಉಸಿರಾಟವನ್ನೇ ಅಭ್ಯಾಸ ಮಾಡಿಸುತ್ತಾ ಕೂತ ಥೆರಪಿಯಲ್ಲಿ, ನೆನಪಿನಿಂದ ತಪ್ಪಿಸಿಕೊಳ್ಳುವ ಹಳೆಯ ಚಾಳಿಗೆ ಥೆರಪಿಸ್ಟ್ ಕೂಡ ಜೊತೆಯಾಗಿರುವ ಸಾಧ್ಯತೆ ಉಂಟು.

ನೆನಪಿನ ಕೆಲಸ

ಎರಡನೆಯ ಹಂತಕ್ಕೆ ಪರೀಕ್ಷೆಗೊಳಪಟ್ಟ ಹಲವು ವಿಧಾನಗಳಿವೆ. ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ವಿಧಾನದಲ್ಲಿ ಘಟನೆಯನ್ನು ಕಣ್ಣುಮುಚ್ಚಿ, ಈಗ ನಡೆಯುತ್ತಿರುವಂತೆ, ಮತ್ತೆ ಮತ್ತೆ ಹೇಳಿಸುತ್ತಾರೆ. ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಿಸುತ್ತಾರೆ. ಹೆದರಿ ಬಿಟ್ಟಿದ್ದ ಜಾಗಗಳಿಗೆ ಹಂತಹಂತವಾಗಿ ಹೋಗಿಸುತ್ತಾರೆ. ಸಾಮಾನ್ಯವಾಗಿ 8ರಿಂದ 15 ಭೇಟಿಗಳು, ಒಂದೊಂದು ಸುಮಾರು 90 ನಿಮಿಷ. ನೆನಪು ನೋವು ಕೊಡಬಹುದು, ಆದರೆ ನೆನಪು ತಾನೇ ಅಪಾಯವಲ್ಲ ಎಂಬುದನ್ನು ಮೈ ಹೀಗೆ ಕಲಿಯುತ್ತದೆ.

ಪೆಟ್ರೀಷಿಯಾ ರೆಸಿಕ್ ಅವರ ವಿಧಾನ ಸಾಮಾನ್ಯವಾಗಿ 12 ಭೇಟಿಗಳದ್ದು. ಅದು ಹಿಡಿಯುವುದು ಘಟನೆಯ ಸುತ್ತ ಗಂಟಾಗಿ ನಿಂತ ನಂಬಿಕೆಗಳನ್ನು. "ನಾನು ಕೂಗಿಕೊಳ್ಳಲಿಲ್ಲ, ಆದ್ದರಿಂದ ತಪ್ಪು ನನ್ನದು" ಎಂದು ಒಬ್ಬರು ಬರೆದು ತಂದಿದ್ದಾರೆ ಎಂದುಕೊಳ್ಳಿ. ಥೆರಪಿಸ್ಟ್ "ಛೇ, ನಿಮ್ಮ ತಪ್ಪಲ್ಲ ಬಿಡಿ" ಎನ್ನುವುದಿಲ್ಲ. ಆ ಮಾತನ್ನು ಅವರು ನೂರು ಸಲ ಕೇಳಿ ನೂರು ಸಲವೂ ನಂಬಿಲ್ಲ. ಬದಲಿಗೆ ಪ್ರಶ್ನೆಗಳು: "ಆಗ ನಿಮ್ಮ ವಯಸ್ಸೆಷ್ಟು? ಕೂಗಿದ್ದರೆ ಏನಾಗುತ್ತದೆಂದು ಆ ಕ್ಷಣ ನಿಮಗನಿಸಿತ್ತು? ಕೂಗಬೇಕಿತ್ತು ಎಂಬುದು ಆಗ ಗೊತ್ತಿದ್ದದ್ದೋ, ಈಗ ಗೊತ್ತಿರುವುದೋ?" ಉತ್ತರ ತಮ್ಮ ಬಾಯಿಂದಲೇ ಬಂದಾಗ ಅದಕ್ಕೆ ತೂಕ ಹೆಚ್ಚು. ತಪ್ಪು ತನ್ನದೇ ಎಂದು ನಂಬುವುದರಲ್ಲಿ ಒಂದು ಗುಪ್ತ ಲಾಭವೂ ಇದೆ: ತಪ್ಪು ನನ್ನದಾಗಿದ್ದರೆ, ಇನ್ನು ಮುಂದೆ ನಾನು ಎಚ್ಚರವಾಗಿದ್ದರೆ ಸಾಕು, ಹಾಗಾಗುವುದಿಲ್ಲ. ಆ ನಂಬಿಕೆ ಬಿಟ್ಟಾಗ ಹಗುರಾಗುವುದಕ್ಕಿಂತ ಮೊದಲು ದುಃಖ ಉಕ್ಕುವುದು ಇದೇ ಕಾರಣಕ್ಕೆ. ಜೂಡಿತ್ ಹರ್ಮನ್ ನೆನಪಿನ ಪಕ್ಕದಲ್ಲಿ ಶೋಕವನ್ನೂ ಇಟ್ಟದ್ದು ಸುಮ್ಮನೆ ಅಲ್ಲ.

ಮೂರನೆಯದು ಇಎಂಡಿಆರ್. ಫ್ರಾನ್ಸೀನ್ ಶಪೀರೊ 1989ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದು, ಅದೇ ಹೊತ್ತಿಗೆ ಥೆರಪಿಸ್ಟ್‌ನ ಬೆರಳು ಆಚೀಚೆ ಹೋಗುವುದನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಮಾಟಮಂತ್ರದಂತೆ ಕಾಣುವ ಇದಕ್ಕೂ ಸಾಕ್ಷ್ಯಬಲವಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಇತ್ತು. ಗುಣವಾಗುವುದು ಕಣ್ಣಿನ ಚಲನೆಯಿಂದಲೋ, ನೆನಪನ್ನು ಎದುರಿಸಿದ್ದರಿಂದಲೋ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮನುಷ್ಯನ ನೆನಪು ಸೂಚನೆಗೆ ಬಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1970ರ ದಶಕದಿಂದ ಪ್ರಯೋಗಗಳಲ್ಲಿ ತೋರಿಸುತ್ತಾ ಬಂದಿದ್ದಾರೆ. "ನಿಮ್ಮ ಲಕ್ಷಣ ನೋಡಿದರೆ ಚಿಕ್ಕಂದಿನಲ್ಲಿ ಏನೋ ನಡೆದಿರಲೇಬೇಕು, ನೆನಪಿಸಿಕೊಳ್ಳಿ" ಎಂದು ಒತ್ತಾಯಿಸುವ ಥೆರಪಿಸ್ಟ್ ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಲೇಸು. ನೆನಪಿರುವುದರ ಜೊತೆ ಕೆಲಸ ಮಾಡುವುದು ಚಿಕಿತ್ಸೆ, ಇಲ್ಲದ ನೆನಪನ್ನು ಅಗೆಯುವುದು ಅಪಾಯ.

ಕೋಣೆಯೊಳಗಿನ ಸಂಬಂಧ

ಇಷ್ಟೆಲ್ಲ ವಿಧಾನಗಳಿದ್ದರೂ ಫಲಿತಾಂಶದ ಬಗ್ಗೆ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಕಾಣುವುದು ಥೆರಪಿಸ್ಟ್ ಮತ್ತು ಬಂದವರ ನಡುವಿನ ಮೈತ್ರಿ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಇದನ್ನು ಮೂರು ಭಾಗವಾಗಿ ಬಿಡಿಸಿದರು: ಎಲ್ಲಿಗೆ ಹೋಗಬೇಕೆಂಬುದರಲ್ಲಿ ಒಪ್ಪಂದ, ಹೇಗೆ ಹೋಗಬೇಕೆಂಬುದರಲ್ಲಿ ಒಪ್ಪಂದ, ಮತ್ತು ಇಬ್ಬರ ನಡುವಿನ ನಂಟು. ಕೇಳಿದ ಕೂಡಲೇ, "ಅಂದರೆ ಥೆರಪಿಸ್ಟ್ ಒಳ್ಳೆಯವರಾಗಿರಬೇಕು, ಅಷ್ಟೇ ತಾನೇ" ಅನಿಸುತ್ತದೆ. ಅಷ್ಟೇ ಅಲ್ಲ.

ಒಂದು ಕಲ್ಪಿತ ಉದಾಹರಣೆ. ಮೂವತ್ತೈದರ ಆಸುಪಾಸಿನ ಒಬ್ಬಳು ಆರು ತಿಂಗಳಿಂದ ಪ್ರತಿ ವಾರ ಥೆರಪಿಗೆ ಬರುತ್ತಿದ್ದಾಳೆ. ಅವಳ ತಾಯಿ ಸಿಟ್ಟು ಬಂದರೆ ದಿನಗಟ್ಟಲೆ ಮಾತು ಬಿಡುತ್ತಿದ್ದವರು. ಇವಳು ಬೆಳೆದದ್ದು ತಾಯಿಯ ಮುಖ ಓದುತ್ತಾ. ಈಗ ಗಂಡ ಸಂದೇಶಕ್ಕೆ ಉತ್ತರಿಸಲು ತಡಮಾಡಿದರೆ ಮೊದಲು ಕಂಗಾಲಾಗುತ್ತಾಳೆ, ಆಮೇಲೆ ಎರಡು ದಿನ ತಾನೇ ಮಾತು ಬಿಡುತ್ತಾಳೆ. ಒಂದು ವಾರ ಥೆರಪಿಸ್ಟ್ ಹತ್ತು ನಿಮಿಷ ತಡವಾಗಿ ಬಂದು ಕ್ಷಮೆ ಕೇಳುತ್ತಾರೆ. "ಅಯ್ಯೋ, ಪರವಾಗಿಲ್ಲ ಮೇಡಂ, ನಿಮಗೆ ಎಷ್ಟು ಕೆಲಸವೋ" ಎಂದು ನಗುತ್ತಾಳೆ. ಆ ದಿನ ಹೇಳಿದ್ದೆಲ್ಲ ಮೇಲುಮೇಲಿನ ಸುದ್ದಿ. ಮುಂದಿನ ವಾರ ಮೈ ಹುಷಾರಿಲ್ಲವೆಂದು ಭೇಟಿ ರದ್ದು ಮಾಡುತ್ತಾಳೆ. ಅದರ ಮುಂದಿನ ವಾರ ಬಂದವಳೇ, "ಬಹುಶಃ ನನಗೆ ಇಷ್ಟು ಸಾಕು ಅನಿಸುತ್ತಿದೆ" ಎನ್ನುತ್ತಾಳೆ.

ಥೆರಪಿಸ್ಟ್ ಇದನ್ನು ಒಪ್ಪಿ ಬೀಳ್ಕೊಡಬಹುದಿತ್ತು. ಅವರು ಹೇಳಿದ್ದು ಇಷ್ಟು: "ನೀವು ನಿಲ್ಲಿಸುವುದಾದರೆ ಅದು ನಿಮ್ಮ ನಿರ್ಧಾರ. ಆದರೆ ಒಂದು ಮಾತು ಕೇಳಬೇಕು. ನಾನು ತಡವಾಗಿ ಬಂದ ದಿನದಿಂದ ನೀವು ಸ್ವಲ್ಪ ದೂರ ಹೋದ ಹಾಗೆ ನನಗೆ ಅನಿಸುತ್ತಿದೆ. ಆ ಹತ್ತು ನಿಮಿಷ ಹೊರಗೆ ಕೂತಿದ್ದಾಗ ನಿಮಗೆ ಹೇಗಿತ್ತು?"

ಮೌನ. ಆಮೇಲೆ, "ಹಾಗೇನೂ ಇಲ್ಲ." ಮತ್ತೆ ಮೌನ. "ನಿಮಗೆ ನಾನು ಬೇಡವಾಗಿದ್ದೇನೆ ಅಂದುಕೊಂಡೆ. ಹಿಂದಿನ ವಾರ ಜಾಸ್ತಿ ಅತ್ತಿದ್ದೆನಲ್ಲ, ಅದಕ್ಕೇ."

"ಹಾಗೆ ಅಂದುಕೊಂಡು ಆ ದಿನ ನನ್ನ ಮುಂದೆ ನಗುತ್ತಾ ಕೂತಿದ್ದಿರಿ. ಕಷ್ಟವಾಗಿರಬೇಕು. ತಡವಾದದ್ದು ನನ್ನ ತಪ್ಪು, ಅದಕ್ಕೆ ನಿಮ್ಮ ಅಳು ಕಾರಣವಲ್ಲ. ಸಿಟ್ಟು ಬಂದಿತ್ತಾ?"

"ಬಂದಿತ್ತು" ಎನ್ನಲು ಅವಳಿಗೆ ಬಹಳ ಹೊತ್ತು ಹಿಡಿಯುತ್ತದೆ. ಹೇಳಿದ ಮೇಲೆ ಎದುರಿನವರ ಮುಖವನ್ನು ನೋಡುತ್ತಾಳೆ, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆಯೇ. ಆ ಮುಖ ಬಿಗಿಯಲಿಲ್ಲ, ಮಾತೂ ನಿಲ್ಲಲಿಲ್ಲ.

ಇಲ್ಲಿ ಏನಾಯಿತೆಂದು ನಿಧಾನವಾಗಿ ನೋಡೋಣ. ಗಂಡನೊಂದಿಗೆ ನಡೆಯುವ ಜಗಳದ ಪೂರ್ತಿ ನಕ್ಷೆ ಕೋಣೆಯೊಳಗೆ ಮೂಡಿತು: ಒಂದು ಸಣ್ಣ ತಡ, ಅದನ್ನು ತಿರಸ್ಕಾರವೆಂದು ಓದುವುದು, ಸಿಟ್ಟನ್ನು ನುಂಗಿ ಓಲೈಸುವುದು, ಆಮೇಲೆ ಸದ್ದಿಲ್ಲದೆ ಬಿಟ್ಟುಹೋಗುವುದು. ಹಳೆಯ ಸಂಬಂಧದ ನಿರೀಕ್ಷೆಗಳನ್ನು ಚಿಕಿತ್ಸಕರ ಮೇಲೆ ಹೊರಿಸುವ ಈ ಪ್ರವೃತ್ತಿಯನ್ನು ಫ್ರಾಯ್ಡ್ ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ವ್ಯತ್ಯಾಸವೆಂದರೆ ಈ ಸಲ ನಕ್ಷೆಯ ಕೊನೆಯ ತಿರುವು ಬದಲಾಯಿತು. ಸಿಟ್ಟು ಹೇಳಿದರೂ ಸಂಬಂಧ ಉಳಿಯಿತು. ಇದನ್ನು ಅವಳಿಗೆ ಬಾಯಿಮಾತಿನಲ್ಲಿ ಹೇಳಿಕೊಡಲು ಬರುತ್ತಿರಲಿಲ್ಲ, ಅನುಭವಕ್ಕೇ ಬರಬೇಕಿತ್ತು.

ಮೈತ್ರಿಯಲ್ಲಿ ಬಿರುಕು ಬೀಳುವುದು, ಅದನ್ನು ಬೆಸೆಯುವುದು: ಈ ಬಗ್ಗೆ ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟೋಫರ್ ಮುರಾನ್ ದಶಕಗಳ ಕಾಲ ಸಂಶೋಧನೆ ನಡೆಸಿದರು. ಅವರು ಗುರುತಿಸಿದ ಬಿರುಕುಗಳಲ್ಲಿ ಎರಡು ಬಗೆ. ಒಂದು ಎದುರಾಬದುರು ಸಿಟ್ಟಾಗುವುದು. ಇನ್ನೊಂದು ನಮ್ಮ ಉದಾಹರಣೆಯಂತೆ ಹಿಂದೆ ಸರಿಯುವುದು, ವಿಷಯ ಬದಲಿಸುವುದು, ಅತಿಯಾಗಿ ಒಪ್ಪಿಕೊಳ್ಳುವುದು. ಎರಡನೆಯದನ್ನು ಕಂಡುಹಿಡಿಯುವುದು ಕಷ್ಟ, ಏಕೆಂದರೆ ಅದು ಸೌಜನ್ಯದ ವೇಷದಲ್ಲಿ ಬರುತ್ತದೆ. ತಾಯಿ ಮತ್ತು ಕೂಸುಗಳನ್ನು ಗಮನಿಸಿದ ಎಡ್ವರ್ಡ್ ಟ್ರಾನಿಕ್ ಕೂಡ ಇಂಥದ್ದೇ ಕಂಡರು. ಒಳ್ಳೆಯ ಜೋಡಿಗಳಲ್ಲೂ ತಾಯಿ ಮಗುವಿನ ಹೊಂದಾಣಿಕೆ ಪದೇಪದೇ ತಪ್ಪುತ್ತಿರುತ್ತದೆ. ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುವುದರಿಂದಲೇ ಮಗುವಿಗೆ ಧೈರ್ಯ ಬೆಳೆಯುತ್ತದೆ.

ಹಾಗಾಗಿ ಥೆರಪಿಸ್ಟ್ ಮೇಲೆ ಮುನಿಸು ಬಂದರೆ, ಬಿಟ್ಟುಹೋಗುವ ಮೊದಲು ಒಮ್ಮೆ ಅದನ್ನು ಅವರ ಮುಂದೆಯೇ ಇಡಬೇಕು. "ಕಳೆದ ವಾರ ನೀವು ಹೇಳಿದ್ದು ನನಗೆ ನೋವಾಯಿತು" ಎಂಬಷ್ಟು ಸಾಕು. ಬಾಯಲ್ಲಿ ಬರದಿದ್ದರೆ ಬರೆದುಕೊಂಡು ಹೋಗಬಹುದು. ಆ ಮಾತಿಗೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಿಂದಲೇ ಅವರ ಅಳತೆ ಸಿಗುತ್ತದೆ. ಕುತೂಹಲದಿಂದ ಕೇಳಿ, ತಮ್ಮ ಪಾಲಿನ ತಪ್ಪಿದ್ದರೆ ಒಪ್ಪಿಕೊಂಡರೆ ಸರಿಯಾದ ಜಾಗದಲ್ಲಿದ್ದೀರಿ. "ಅದು ನಿಮ್ಮ ಕಾಯಿಲೆ ಹೇಳಿಸುತ್ತಿರುವುದು" ಎಂದು ಪ್ರತಿ ದೂರನ್ನೂ ನಿಮ್ಮ ಮೇಲೇ ತಿರುಗಿಸಿದರೆ ಬೇರೆಯವರನ್ನು ಹುಡುಕಬೇಕು. ಭೇಟಿಯ ಹೊರಗೆ ಗೆಳೆತನ ಬೆಳೆಸುವವರು, ತಮ್ಮ ಮನೆಯ ಕಷ್ಟ ಹೇಳಿಕೊಳ್ಳುವವರು, ಮೈಮೇಲೆ ಕೈಹಾಕುವವರು, ಪ್ರೇಮದ ಮಾತಾಡುವವರು ಇವರ ವಿಷಯದಲ್ಲಿ ಎರಡನೆಯ ಯೋಚನೆಯೇ ಬೇಡ. ಅದು ಬಿರುಕಲ್ಲ, ಶೋಷಣೆ.

ಜೊತೆಯವರನ್ನೂ ಕರೆದುಕೊಂಡು ಹೋಗಬೇಕೆ?

ಒಬ್ಬರ ಆಘಾತ ಇಬ್ಬರ ಸಂಸಾರವನ್ನು ಅಲುಗಿಸುತ್ತಿರುವಾಗ ಇದು ಸಹಜ ಪ್ರಶ್ನೆ. 1980ರ ದಶಕದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವಕೇಂದ್ರಿತ ದಂಪತಿ ಚಿಕಿತ್ಸೆ ಇಲ್ಲಿ ಹೆಸರು ಮಾಡಿದೆ. ಅದು ಯಾರು ಸರಿ ಎಂದು ಪಂಚಾಯಿತಿ ಮಾಡುವುದಿಲ್ಲ; ಇಬ್ಬರನ್ನೂ ಸುತ್ತಿಸುತ್ತಿರುವ ಸುಳಿಯನ್ನು ತೋರಿಸುತ್ತದೆ. ಒಬ್ಬರು ಹತ್ತಿರ ಬರಲು ಗದರುತ್ತಾರೆ, ಇನ್ನೊಬ್ಬರು ಗದರಿಕೆಗೆ ಹೆದರಿ ಬಾಯಿ ಮುಚ್ಚುತ್ತಾರೆ, ಮುಚ್ಚಿದ ಬಾಯಿ ಕಂಡು ಗದರಿಕೆ ಹೆಚ್ಚುತ್ತದೆ. ಒಳಗೆ ಇಬ್ಬರದೂ ಹೆದರಿಕೆಯೇ ಎಂಬುದು ಇಬ್ಬರಿಗೂ ಒಂದೇ ಹೊತ್ತಿಗೆ ಕಂಡಾಗ ಜಗಳದ ಕಾವು ಇಳಿಯುತ್ತದೆ. ಪಿಟಿಎಸ್‌ಡಿ ಇರುವವರಿಗೂ ಅವರ ಜೊತೆಗಾರರಿಗೂ ಸೇರಿಯೇ ನೀಡುವ 15 ಭೇಟಿಗಳ ಚಿಕಿತ್ಸೆಯೊಂದನ್ನು ಕ್ಯಾಂಡಿಸ್ ಮಾನ್ಸನ್ ಮತ್ತು ಸಂಗಡಿಗರು ಬೆಳೆಸಿದ್ದಾರೆ.

ಹೊಡೆತ, ಬೆದರಿಕೆ, ಹಣ ಮತ್ತು ಓಡಾಟದ ಮೇಲೆ ಕಟ್ಟುನಿಟ್ಟಿನ ಹತೋಟಿ ಇರುವ ಮನೆಯ ಮಾತು ಬೇರೆ. ಅಲ್ಲಿ ಒಟ್ಟಿಗೆ ಕೂತು ಮನಬಿಚ್ಚಿ ಮಾತಾಡಿದ್ದಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ. ಅದಕ್ಕಾಗಿಯೇ ಹೊಣೆಯರಿತ ದಂಪತಿ ಚಿಕಿತ್ಸಕರು ಆರಂಭದಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಭೇಟಿಯಾಗಿ ಈ ವಿಷಯ ಕೇಳುತ್ತಾರೆ. ಕೇಳದವರ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ.

ಎಲ್ಲರ ಸಂಸಾರವೂ ಥೆರಪಿಯಿಂದ ಸರಿಹೋಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. "ಬೇಡ" ಎನ್ನಲು ಕಲಿತವರನ್ನು ಕಂಡು, ಅವರು ಸದಾ ತಲೆಯಾಡಿಸುತ್ತಿದ್ದುದರಿಂದ ಸುಖವಾಗಿದ್ದ ಮನೆಯವರು "ಥೆರಪಿಗೆ ಹೋಗಿ ಕೆಟ್ಟಳು" ಎನ್ನುವುದುಂಟು. ಕೆಲವು ಸಂಬಂಧಗಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ, ಕೆಲವು ಮುರಿಯುತ್ತವೆ.

ಕೆಲಸ ಆಗುತ್ತಿದೆಯೇ ಎಂದು ತಿಳಿಯುವುದು

ನೆನಪಿನ ಕೆಲಸ ಶುರುವಾದ ಮೊದಲ ವಾರಗಳಲ್ಲಿ ಕನಸು, ಕಿರಿಕಿರಿ ಹೆಚ್ಚಬಹುದು, ಅದು ಇಳಿಯಬೇಕು. ತಿಂಗಳುಗಟ್ಟಲೆ ಏರುತ್ತಲೇ ಇದ್ದರೆ ವಿಧಾನವೋ ಥೆರಪಿಸ್ಟೋ ಹೊಂದುತ್ತಿಲ್ಲ. ಥೆರಪಿಯಿಂದ ಹದಗೆಡುವವರೂ ಇದ್ದಾರೆ, ಸಂಶೋಧಕರು ಸಾಮಾನ್ಯವಾಗಿ ಕೊಡುವ ಅಂದಾಜು ಶೇ 5ರಿಂದ 10. ಆದ್ದರಿಂದ ಆಗಾಗ ಪ್ರಶ್ನಾವಳಿ ತುಂಬಿಸಿ ಲಕ್ಷಣಗಳನ್ನು ಅಳೆಯುವ ಥೆರಪಿಸ್ಟ್ ಯಾಂತ್ರಿಕ ಎಂದು ಬೇಸರಿಸಬೇಡಿ, ನಿಮ್ಮಿಬ್ಬರಿಗೂ ಕಾಣದ್ದು ಅಂಕಿಯಲ್ಲಿ ಕಂಡೀತು. ಔಷಧಿ ಬೇಕೇ ಎಂಬುದನ್ನು ಮನೋವೈದ್ಯರು ನೋಡುತ್ತಾರೆ; ಸರ್ಟ್ರಲೀನ್‌ನಂಥ ಮಾತ್ರೆಗಳು ಪಿಟಿಎಸ್‌ಡಿಗೆ ಬಳಕೆಯಲ್ಲಿವೆ, ಥೆರಪಿಯ ಜೊತೆಗೂ ತೆಗೆದುಕೊಳ್ಳಬಹುದು.

ಥೆರಪಿಸ್ಟ್ ಆಯ್ಕೆ ಮಾಡುವಾಗ ಕೇಳಲು ಸಂಕೋಚಪಡಬೇಕಾಗಿಲ್ಲ: ಏನು ಓದಿದ್ದೀರಿ, ಆಘಾತದ ಚಿಕಿತ್ಸೆಯಲ್ಲಿ ಯಾವ ತರಬೇತಿ ಪಡೆದಿದ್ದೀರಿ, ನಿಮ್ಮ ಕೆಲಸವನ್ನು ಹಿರಿಯರೊಬ್ಬರ ಜೊತೆ ಚರ್ಚಿಸುತ್ತೀರಾ, ನಮಗೆ ಹೊಂದದಿದ್ದರೆ ಏನು ಮಾಡುತ್ತೀರಿ. ಉತ್ತರದಲ್ಲಿ ಮುಚ್ಚುಮರೆ ಕಂಡರೆ ಮುಂದೆ ಹೋಗಿ.

ಸುಧಾರಣೆ ಕಾಣುವ ರೀತಿ ಹೆಚ್ಚಿನವರ ನಿರೀಕ್ಷೆಗಿಂತ ಬೇರೆ. ನೆನಪು ಅಳಿಯುವುದಿಲ್ಲ, ಜಗಳವೂ ನಿಲ್ಲುವುದಿಲ್ಲ. ಎರಡು ದಿನ ಮಾತು ಬಿಡುತ್ತಿದ್ದವಳು ಎರಡು ಗಂಟೆಯಲ್ಲಿ ಬಂದು "ನನಗೆ ಹೆದರಿಕೆಯಾಯಿತು, ಅದಕ್ಕೆ ಸುಮ್ಮನಾದೆ" ಎನ್ನುತ್ತಾಳೆ. ಬಾಗಿಲಿನ ಸದ್ದಿಗೆ ಕೈ ತಣ್ಣಗಾದರೂ, ಗಾಳಿಯೋ ಗಂಡನೋ ಎಂದು ತಿರುಗಿ ನೋಡುವಷ್ಟು ಸಮಯ ಸಿಗುತ್ತದೆ.

ಮುಗಿಸುವುದನ್ನೂ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಹೇಳದೆ ಕೇಳದೆ ಬಿಟ್ಟುಹೋದವರನ್ನು, ಜಗಳದಲ್ಲಿ ಕಡಿದುಹೋದ ಸಂಬಂಧಗಳನ್ನು ಮಾತ್ರ ಕಂಡವರಿಗೆ ದಿನ ನಿಗದಿಪಡಿಸಿ ಬೀಳ್ಕೊಳ್ಳುವುದೇ ಹೊಸದು. ಕೊನೆಯ ಭೇಟಿಗಳಲ್ಲಿ ಹಳೆಯ ಲಕ್ಷಣಗಳು ಒಮ್ಮೆ ತಲೆಯೆತ್ತುವುದೂ ಉಂಟು. ಸಾಮಾನ್ಯವಾಗಿ ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ. ಆ ಅವಧಿಯಲ್ಲಿ ಇಬ್ಬರೂ ಕೂತು ಒಂದು ಹಾಳೆ ಬರೆಯುತ್ತಾರೆ: ಯಾವ ಸಂದರ್ಭಗಳು ಮತ್ತೆ ಕೆಣಕಬಹುದು, ಕೆಣಕಿದರೆ ಮೊದಲು ಕಾಣುವ ಗುರುತುಗಳು ಯಾವುವು, ಆಗ ಯಾರಿಗೆ ಹೇಳಬೇಕು, ಎಷ್ಟು ದಿನ ಕಾದು ನೋಡಿ ಮತ್ತೆ ಭೇಟಿಗೆ ಸಮಯ ಕೇಳಬೇಕು.